ತಾಳಪ್ಪ ಮತ್ತು ಮುನ್ನೂರು ವ್ಯಾಟ್

ನಮ್ಮ ಮನೆಯ ಚೆಸ್ ಸೆಟ್ಟಿನಲ್ಲಿ ಕರಿ ರಾಜ ಇಲ್ಲ. ಅವನ ಜಾಗದಲ್ಲಿ ಮೂರು ದಿನದಿಂದ ಒಂದು ರಬ್ಬರ್ ನಿಂತಿದೆ. ರಾಜ ನನ್ನ ಕಂಪ್ಯೂಟರಿನ ಹೊಟ್ಟೆಯೊಳಗೆ ತಲೆಯ ಮೇಲೆ ಭಾರ ಹೊತ್ತುಕೊಂಡು ಸೇವೆ ಮಾಡುತ್ತಿದ್ದಾನೆ. "ಅಪ್ಪಾ, ನಮ್ ರಾಜ ಯಾವಾಗ ವಾಪಸ್ ಬರ್ತಾನೆ?" ಎಂದು ಮಗಳು ದಿನಕ್ಕೆ ನಾಲ್ಕು ಸಲ ಕೇಳುತ್ತಾಳೆ. ಹೆಂಡತಿ ಏನೂ ಕೇಳುವುದಿಲ್ಲ. ಅದು ಇನ್ನೂ ಕಷ್ಟ.

ಇದಕ್ಕೆಲ್ಲ ಕಾರಣ ಒಂದು ಗ್ರಾಫಿಕ್ಸ್ ಕಾರ್ಡ್, ಅಂದರೆ ಕಂಪ್ಯೂಟರ್ ಆಟಗಳ ಚಿತ್ರ ಬಿಡಿಸುವ ಫಲಕ. ಅಲ್ಲ, ತಪ್ಪು ಹೇಳಿದೆ. ಕಾರಣ ತಾಳಪ್ಪ.

ತಾಳಪ್ಪ ಅನ್ನುವುದು ನಾನಿಟ್ಟ ಹೆಸರು. ಚಿಕ್ಕಂದಿನಿಂದ ಗೆಳೆಯ. ಏನೇ ಕೇಳಿದರೂ ಅವನ ಉತ್ತರ "ತಾಳಪ್ಪಾ..." ಎಂದೇ ಶುರುವಾಗುತ್ತದೆ. ತಾಳಿದವನು ಬಾಳಿಯಾನು ಅನ್ನುವ ಗಾದೆಯನ್ನು ಜೀವನದಲ್ಲಿ ಅಳವಡಿಸಿಕೊಂಡವರನ್ನು ನೋಡಿದ್ದೇನೆ. ಅದನ್ನು ಕಂಪ್ಯೂಟರ್ ಸಾಮಾನಿಗೆ ಅಳವಡಿಸಿಕೊಂಡವನು ಇವನೊಬ್ಬನೇ.

2020ರಲ್ಲಿ ಈ ಕಾರ್ಡುಗಳ ಚಿಪ್ ಮಾಡುವ ಎನ್‌ವಿಡಿಯಾದ ಮೂವತ್ತರ ಸರಣಿ ಬಂತು. ಕೊಳ್ಳೋಣ ಅಂದೆ. "ತಾಳು, ಈಗಷ್ಟೇ ಬಂದಿದೆ, ಬೆಲೆ ಇಳಿಯುತ್ತೆ" ಅಂದ. ಇಳಿಯಲಿಲ್ಲ. ಈಥೀರಿಯಂ ಎಂಬ ಡಿಜಿಟಲ್ ನಾಣ್ಯವನ್ನು ಅಗೆಯುವವರು, ಅಂದರೆ ಈ ಕಾರ್ಡುಗಳಲ್ಲಿ ಲೆಕ್ಕ ಬಿಡಿಸಿ ಅದನ್ನು ಗಳಿಸುವವರು, ಕಾರ್ಡುಗಳನ್ನು ಮೂಟೆಗಟ್ಟಲೆ ಹೊತ್ತುಕೊಂಡು ಹೋದರು. ಮೇಲಿಂದ ಕೊರೋನಾ ಕಾಲದ ಚಿಪ್ ಬರ. ಅಂಗಡಿಯಲ್ಲಿ ಬೆಲೆ ಕೇಳಿದರೆ ಸೈಟಿನ ರೇಟು ಕೇಳಿದ ಹಾಗೆ ಆಗುತ್ತಿತ್ತು. "ತಾಳು, ಅಗೆಯೋದು ನಿಲ್ಲುತ್ತೆ" ಅಂದ. 2022ರ ಸೆಪ್ಟೆಂಬರಿನಲ್ಲಿ ನಿಜವಾಗಿಯೂ ನಿಂತಿತು. ಈಥೀರಿಯಂಗೆ ಅಗೆತವೇ ಬೇಡವಾಯಿತು. ನಾನು ಪರ್ಸ್ ತೆಗೆದೆ. "ತಾಳು ಮಾರಾಯ, ಮುಂದಿನ ತಿಂಗಳು ನಲವತ್ತರ ಸರಣಿ!" ಪರ್ಸ್ ಒಳಗಿಟ್ಟೆ. ಅಕ್ಟೋಬರಿನಲ್ಲಿ 4090 ಬಂತು. 450 ವ್ಯಾಟ್ ಕುಡಿಯುವ ಕಾರ್ಡ್. ಕೆಲವರ ಮನೆಯಲ್ಲಿ ಅದರ ಪವರ್ ಕನೆಕ್ಟರ್ ಕರಗಿಯೇ ಹೋಯಿತು. ತಾಳಪ್ಪನ ಖುಷಿ ನೋಡಬೇಕಿತ್ತು. "ನೋಡಿದ್ಯಾ? ತಾಳಿದ್ದಕ್ಕೆ ಬಚಾವಾದೆ!" ನನ್ನ ಬೈಕಿಗಿಂತ ದುಬಾರಿಯಾದ ಆ ಕಾರ್ಡನ್ನು ನಾನು ಹೇಗಿದ್ದರೂ ಕೊಳ್ಳುತ್ತಿರಲಿಲ್ಲ. ಅದು ಬೇರೆ ಮಾತು.

2024ರ ಜನವರಿಯಲ್ಲಿ ಅದೇ ಸರಣಿಗೆ ಬಾಲ ಸೇರಿಸಿ 'ಸೂಪರ್' ಅಂತ ಬಿಟ್ಟರು. "ವರ್ಷದೊಳಗೆ ಐವತ್ತರದ್ದು ಬರುತ್ತೆ, ತಾಳು." 2025ರ ಜನವರಿಯಲ್ಲಿ ಅದೂ ಬಂತು. "ಇದಕ್ಕೂ ಸೂಪರ್ ಬರುತ್ತಂತೆ, ತಾಳು."

ಇಷ್ಟೆಲ್ಲ ಉಪದೇಶ ಮಾಡುವ ಮಹಾನುಭಾವ ಇವತ್ತಿಗೂ ಆಡುವುದು 2016ರ ಜಿಟಿಎಕ್ಸ್ 1060ರಲ್ಲಿ. ಎಸ್ಸೆಸ್ಸೆಲ್ಸಿಯಲ್ಲಿ ಟ್ಯೂಷನ್ ಮೇಷ್ಟ್ರ ಮಾತು ಕೇಳದೆ ಇವನ ಮಾತು ಕೇಳಿದವನು ನಾನು. ಈಗಲೂ ಕೇಳಿದೆ. ಬುದ್ಧಿ ಬಂದಿಲ್ಲ.

2025ರ ಮೇ ತಿಂಗಳಲ್ಲಿ ನನ್ನ ಹಳೇ ಕಾರ್ಡ್ ಕಣ್ಣು ಮುಚ್ಚಿತು. ಅವತ್ತಿನಿಂದ ಮಾನಿಟರ್ ಕೇಬಲ್ಲನ್ನು ಸೀದಾ ಮದರ್‌ಬೋರ್ಡಿನ ತೂತಿಗೆ ಚುಚ್ಚಿ, ಪ್ರೊಸೆಸರಿನೊಳಗಿನ ಪುಟಾಣಿ ಗ್ರಾಫಿಕ್ಸ್‌ನಲ್ಲಿ ದಿನ ದೂಡುತ್ತಿದ್ದೆ. ಹಸಿದವನಿಗೆ ಗಂಜಿ. (ಈ ತೂತನ್ನು ನೆನಪಿಟ್ಟುಕೊಳ್ಳಿ.) ವರ್ಷದ ಕೊನೆಗೆ ಎಐ ಕಂಪನಿಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಂಡು ರ‍್ಯಾಮ್ ಬೆಲೆ ಮಾಡು ಮುಟ್ಟಿತು. ಇನ್ನು ಕಾರ್ಡಿನ ಸರದಿ ಅನ್ನಿಸಿತು. ತಾಳಪ್ಪನಿಗೆ ಹೇಳದೆ, ಕಳ್ಳನ ಹಾಗೆ, ಒಂದು ಶನಿವಾರ ಬೆಂಗಳೂರಿನ ಕಂಪ್ಯೂಟರ್ ಸಾಮಾನಿನ ಬೀದಿ ಎಸ್.ಪಿ. ರಸ್ತೆಗೆ ಹೋದೆ.

ಅಂಗಡಿಯವರು ಮೊದಲು 5090 ತೋರಿಸಿದರು. ಸುಮ್ನೆ ನೋಡಲಿಕ್ಕೆ, ದುಡ್ಡಿಲ್ಲವಲ್ಲ ಅಂತ. 575 ವ್ಯಾಟ್. ನಮ್ಮನೆ ಮಿಕ್ಸಿ 500 ವ್ಯಾಟ್. ಅದರಲ್ಲಿ ಚಟ್ನಿಯಾದರೂ ಆಗುತ್ತದೆ. ಕೊನೆಗೆ ತಗೊಂಡಿದ್ದು 5070 ಟಿಐ. 16 ಜಿಬಿ, 300 ವ್ಯಾಟ್. 750 ವ್ಯಾಟಿನ ಪವರ್ ಸಪ್ಲೈ ಬೇಕು ಎಂದರು, ಅದನ್ನೂ ತಗೊಂಡೆ. ಬಿಲ್ಲಿನಲ್ಲಿ 18 ಪರ್ಸೆಂಟ್ ಜಿಎಸ್‌ಟಿ ನೋಡಿ, ಕಾರ್ಡಿಗೆ ಕೊಟ್ಟಿದ್ದು ಜಾಸ್ತಿಯೋ ದೇಶಕ್ಕೆ ಕೊಟ್ಟಿದ್ದು ಜಾಸ್ತಿಯೋ ಅಂತ ಮೆಟ್ರೋದಲ್ಲಿ ಲೆಕ್ಕ ಹಾಕುತ್ತಾ ಬಂದೆ. ಡಬ್ಬವನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದೆ. ಪಕ್ಕದ ಅಜ್ಜಿ "ಕುಕ್ಕರ್ರಾ?" ಅಂದರು. ಹೌದು ಅಂದೆ.

ಮನೆಗೆ ಬಂದು ಅಳೆದೆ. ಮಗಳ ಸ್ಕೇಲು 30 ಸೆಂಟಿಮೀಟರ್. ಕಾರ್ಡು ಸ್ಕೇಲನ್ನು ದಾಟಿ ಆಚೆಗೂ ಹೋಗಿತ್ತು, 33. ಈ ಮಾದರಿಯಲ್ಲಿ ಎನ್‌ವಿಡಿಯಾ ಚಿಪ್ ಮಾತ್ರ ಕೊಡುತ್ತದೆ, ಕಾರ್ಡು ಕಟ್ಟುವುದು ಬೇರೆ ಬೇರೆ ಕಂಪನಿಗಳು. ಹಾಗಾಗಿ ಒಂದೇ ಹೆಸರಿನ ಕಾರ್ಡುಗಳು ಒಂದೊಂದು ಉದ್ದ. ನಾನು ಹೆಸರು ನೋಡಿದ್ದೆ, ಮೆಮೊರಿ ನೋಡಿದ್ದೆ, ಉದ್ದ ನೋಡಿರಲಿಲ್ಲ. ಹೆಣ್ಣು ನೋಡಲು ಹೋದವರು ಜಾತಕ ನೋಡಿ, ಹುಡುಗಿಯನ್ನೇ ನೋಡದೆ ಬಂದ ಹಾಗೆ. ಕ್ಯಾಬಿನೆಟ್ಟಿನಲ್ಲಿ ಹಳೇ ಹಾರ್ಡ್ ಡಿಸ್ಕ್ ಕೂರಿಸುವ ಒಂದು ಕಬ್ಬಿಣದ ಪಂಜರ ಅಡ್ಡ ಇತ್ತು. ಅದನ್ನು ಬಿಚ್ಚುವಷ್ಟರಲ್ಲಿ ರಾತ್ರಿ ಹನ್ನೊಂದಾಯಿತು, ಹೆಬ್ಬೆರಳು ಕುಯ್ದಿತು. ಸ್ಲಾಟಿನಲ್ಲಿ ಕೂತ ಮೇಲೆ ಕಾರ್ಡಿನ ಮೂತಿ ಕೆಳಗೆ ಜೋತು ಬಿತ್ತು. ಆಗಲೇ ಕರಿ ರಾಜನಿಗೆ ಕರೆ ಹೋಗಿದ್ದು. ಎತ್ತರ ಸರಿಯಾಗಿ ಹೊಂದಿತು. ಮಂತ್ರಿ ಗಿಡ್ಡ ಆಗುತ್ತಿದ್ದ.

ಆಮೇಲೆ ಆ ಹದಿನಾರು ಪಿನ್ನಿನ ಪವರ್ ಕನೆಕ್ಟರ್. 2022ರಲ್ಲಿ ಕರಗಿದ್ದರ ತಮ್ಮ ಇವನು. ಪೂರ್ತಿ ಒಳಗೆ ಕೂರದೆ ಇದ್ದದ್ದು ಆಗ ಕರಗಿದ್ದಕ್ಕೆ ಒಂದು ಮುಖ್ಯ ಕಾರಣ. ಅದಕ್ಕೆ ಒತ್ತಿದೆ. ಟಾರ್ಚ್ ಹಾಕಿ ನೋಡಿದೆ. ಮತ್ತೆ ಒತ್ತಿದೆ. ಫೋಟೋ ತೆಗೆದು ಜೂಮ್ ಮಾಡಿದೆ. ಅರ್ಧ ಗಂಟೆ ಈ ಒಂದು ವೈರಿಗೆ ಕೊಟ್ಟೆ. ಉಳಿದ ವೈರುಗಳನ್ನು ಕೈಯೇ ಹಾಕಿಕೊಂಡಿತು, ರೂಢಿಯಂತೆ.

ಆನ್ ಮಾಡಿದೆ. ಚಿತ್ರ ಬಂತು. ಆಹಾ!

ಎರಡು ದಿನ ನಾನು ಸ್ವರ್ಗದಲ್ಲಿದ್ದೆ. "ನೋಡು, ಆ ನೀರಿನ ಮೇಲಿನ ಬೆಳಕು ನೋಡು!" ಎಂದು ಹೆಂಡತಿಯನ್ನು ಅಡುಗೆಮನೆಯಿಂದ ಎಳೆದು ತಂದೆ. "ಮೊದಲಿನ ಹಾಗೇ ಇದೆ" ಅಂದಳು. ಅವಳಿಗೇನು ಗೊತ್ತು. ಆಟ ಆಗಾಗ ತಡವರಿಸುತ್ತಿತ್ತು. ಹೊಸದು, ಹೊಂದಿಕೊಳ್ಳಬೇಕು ಅಂದುಕೊಂಡೆ, ಹೊಸ ಚಪ್ಪಲಿಯ ಹಾಗೆ. ಎಲ್ಲಕ್ಕಿಂತ ಮೆಚ್ಚಿದ್ದು ಆ ನಿಶ್ಶಬ್ದ. ಮೂರು ಫ್ಯಾನ್ ಇದ್ದರೂ ಒಂದು ಚೂರು ಸದ್ದಿಲ್ಲ! ಇದನ್ನು ಆಫೀಸಿನಲ್ಲಿ ಆರು ಜನಕ್ಕೆ ಹೇಳಿದೆ.

ಮೂರನೇ ದಿನ ತಾಳಪ್ಪ ಬಂದ. ಯಾರೋ ಆರರಲ್ಲಿ ಒಬ್ಬರು ಸುದ್ದಿ ಮುಟ್ಟಿಸಿರಬೇಕು. ಮಾತಾಡಲಿಲ್ಲ. ಕುರ್ಚಿ ಎಳೆದುಕೊಂಡು ಎರಡು ನಿಮಿಷ ಆಟ ನೋಡಿದ. ಬಗ್ಗಿ ಗಾಜಿನ ಬಾಗಿಲಿನಿಂದ ಒಳಗೆ ನೋಡಿದ. ರಾಜನನ್ನು ನೋಡಿದ, ಆ ಬಗ್ಗೆ ಏನೂ ಅನ್ನಲಿಲ್ಲ, ದೊಡ್ಡತನ. "ಫ್ಯಾನ್ ತಿರುಗ್ತಾ ಇಲ್ವಲ್ಲ" ಅಂದ. "ಅದೇ ಅದರ ವಿಶೇಷ, ಬಿಸಿ ಆಗದಿದ್ದರೆ ತಿರುಗಲ್ಲ" ಅಂದೆ ಹೆಮ್ಮೆಯಿಂದ. "ಆಟ ಆಡುವಾಗಲೂ ಬಿಸಿ ಆಗಲ್ವಾ?" ಅಂದ. ನಾನು ಬಾಯಿ ತೆರೆದೆ, ಮುಚ್ಚಿದೆ. ಅವನು ಎದ್ದು ಕ್ಯಾಬಿನೆಟ್ಟಿನ ಹಿಂದಕ್ಕೆ ಹೋದ. ತುಂಬಾ ಹೊತ್ತು ಅಲ್ಲೇ ಇದ್ದ. ಬಗ್ಗಿದವನ ಬೆನ್ನು ಅಲುಗುತ್ತಿತ್ತು. ಅಳುತ್ತಿದ್ದಾನೇನೋ ಅಂದುಕೊಂಡೆ.

ಕೇಬಲ್ ಮದರ್‌ಬೋರ್ಡಿನ ತೂತಿನಲ್ಲೇ ಇತ್ತು.

ಎಂಟು ತಿಂಗಳ ರೂಢಿ. ಕಾರ್ಡು ಹಾಕಿದೊಡನೆ ಆ ತೂತನ್ನು ಬಂದ್ ಮಾಡುವ ಬೋರ್ಡುಗಳಿವೆ. ಚಿತ್ರ ಬರದೆ ತಪ್ಪು ತಕ್ಷಣ ಗೊತ್ತಾಗುತ್ತದೆ. ಇನ್ನು ಕೆಲವು ಕಡೆ ವಿಂಡೋಸ್ ತಾನೇ ಕೆಲಸವನ್ನು ಹೊಸ ಕಾರ್ಡಿಗೆ ದಾಟಿಸುತ್ತದೆ. ನನ್ನ ಕಂಪ್ಯೂಟರ್ ಎರಡನ್ನೂ ಮಾಡದೆ ನನ್ನ ಮರ್ಯಾದೆ ತೆಗೆಯಿತು. ಎರಡು ದಿನ ನಾನು ಹೊಗಳಿದ್ದು ಅದೇ ಹಳೇ ಗಂಜಿಯನ್ನು. ಎಂಬತ್ತು ಸಾವಿರದ ಅಳಿಯ ಪಡಸಾಲೆಯಲ್ಲಿ ಕೈಕಟ್ಟಿ ಕೂತಿದ್ದ, ನಾನು ಮನೆ ಆಳಿಗೆ ಉಪಚಾರ ಮಾಡುತ್ತಿದ್ದೆ.

ಬೈಯಲು ಬಾಯಿ ಬರಲಿಲ್ಲ, ನಗುವೇ ಬಂತು. ಇಬ್ಬರೂ ಹೀಗೆ ಒಂದೇ ಪರದೆಯ ಮುಂದೆ ಕೂತು ಎಷ್ಟು ವರ್ಷವಾಯಿತು? ದಾವಣಗೆರೆಯ ಸೈಬರ್ ಸೆಂಟರಿನಲ್ಲಿ ಗಂಟೆಗೆ ಇಪ್ಪತ್ತು ರೂಪಾಯಿ. ನಮ್ಮಲ್ಲಿರುತ್ತಿದ್ದದ್ದು ಹತ್ತು. ಒಂದೇ ಕುರ್ಚಿ, ಅರ್ಧರ್ಧ. ಬಾಣದ ಗುರುತಿನ ಕೀಗಳು ಅವನ ಪಾಲಿಗೆ, ಗುಂಡು ಹಾರಿಸುವುದು ನನ್ನ ಪಾಲಿಗೆ. ಅರ್ಧ ಗಂಟೆ ಮುಗಿದು ಅಂಗಡಿಯವರು ಹಿಂದೆ ಬಂದು ನಿಂತಾಗ, ಇವನು ತಿರುಗಿಯೂ ನೋಡದೆ, "ತಾಳಣ್ಣಾ, ಒಂದೇ ನಿಮಿಷ" ಅನ್ನುತ್ತಿದ್ದ. ಆ ಮಾತು ಅಲ್ಲಿಂದ ಅವನಿಗೆ ಅಂಟಿಕೊಂಡಿದ್ದು. ಆಗ ಅದು ನನಗೂ ಇಷ್ಟವಾಗಿತ್ತು.

"ಈಗ ನೋಡು" ಎಂದು ಕೇಬಲ್ಲನ್ನು ಕಿತ್ತು ಕಾರ್ಡಿನ ತೂತಿಗೆ ಚುಚ್ಚಿದ. ಆಟ ತೆರೆದ. ಅಬ್ಬ, ನೀರಿನ ಮೇಲಿನ ಬೆಳಕು ಅಂದರೆ ಅದು. ಹೆಂಡತಿಯೂ ತಾನಾಗಿಯೇ ಬಂದು ನಿಂತಳು. ಫ್ಯಾನುಗಳು ಗುಂಯ್ ಎಂದು ತಿರುಗಿದವು. ಮೇಜಿನ ಕೆಳಗಿನಿಂದ ಯುಪಿಎಸ್ "ಕೀಂ ಕೀಂ" ಅಂದಿತು. ಮತ್ತೆ "ಕೀಂ". ಆಮೇಲೆ ಎಲ್ಲ ಕಪ್ಪು.

ಬೆಸ್ಕಾಂ ಅಂದುಕೊಂಡೆ. ಆದರೆ ಮೇಲೆ ಫ್ಯಾನ್ ತಿರುಗುತ್ತಿತ್ತು. ತಾಳಪ್ಪ ಮೊಬೈಲ್ ಟಾರ್ಚ್ ಹಿಡಿದು ಯುಪಿಎಸ್ಸಿನ ಬೆನ್ನು ಓದಿದ. 600 ವಿಎ, ಹೊರಬಲ್ಲದ್ದು 360 ವ್ಯಾಟ್. ಕಾರ್ಡಿಗೇ ಮುನ್ನೂರು. ಪ್ರೊಸೆಸರ್, ಮಾನಿಟರ್ ಎಲ್ಲ ಉಳಿದ ಅರವತ್ತರಲ್ಲಿ ಸಂಸಾರ ಮಾಡಬೇಕಿತ್ತು. ಎರಡು ದಿನ ಕಾರ್ಡ್ ನಿದ್ದೆಯಲ್ಲಿದ್ದ ಕಾರಣ ಯುಪಿಎಸ್ ಬದುಕಿತ್ತು.

"ಅಪ್ಪಾ, ಕಂಪ್ಯೂಟರ್ ಆಫ್ ಆಯ್ತಲ್ಲ, ಈಗ ರಾಜನ್ನ ತಗೋಬಹುದಾ?" ಎಂದಳು ಮಗಳು.

ನಾನು ಮೊಬೈಲ್ ತೆಗೆದು ದೊಡ್ಡ ಯುಪಿಎಸ್‌ಗಳ ಬೆಲೆ ನೋಡಲು ಶುರು ಮಾಡಿದೆ. ಪಕ್ಕದಿಂದ ಒಂದು ಕೈ ಬಂದು ಪರದೆಯನ್ನು ಮುಚ್ಚಿತು.

"ತಾಳಪ್ಪಾ," ಅಂದ, "ಯುಗಾದಿಗೆ ಆಫರ್ ಬರುತ್ತೆ."