300 ಕಿಲೋಮೀಟರ್ ವೇಗದಲ್ಲಿ ಮರ್ಯಾದೆ

2024ರ ಸೆಪ್ಟೆಂಬರಿನಲ್ಲಿ, ಸಿಂಗಪುರದ ಪತ್ರಿಕಾಗೋಷ್ಠಿಯಲ್ಲಿ ಫಾರ್ಮುಲಾ ಒನ್ ಕಾರ್ ರೇಸಿನ ಚಾಲಕ ಮ್ಯಾಕ್ಸ್ ವರ್ಸ್ಟಾಪನ್ ಒಂದು ಕೆಟ್ಟ ಮಾತು ಆಡಿಬಿಟ್ಟರು. ಯಾರಿಗೆ ಬೈದರು ಅಂತೀರಾ? ತಮ್ಮ ಕಾರಿಗೇ. ಕಾರು ಬೇಜಾರು ಮಾಡಿಕೊಳ್ಳಲಿಲ್ಲ. ಬೇಜಾರಾದದ್ದು ರೇಸಿಂಗ್ ಲೋಕದ ಯಜಮಾನ ಸಂಸ್ಥೆ ಎಫ್‌ಐಎಗೆ. ಸಮಾಜಕ್ಕೆ ಉಪಯೋಗವಾಗುವ ಕೆಲಸ ಮಾಡಿ ಬಾ ಎಂದು ಶಿಕ್ಷೆ ಬಿತ್ತು. ಮ್ಯಾಕ್ಸ್ ಮುಂದಿನ ಗೋಷ್ಠಿಯಲ್ಲಿ ಒಂದೆರಡು ಪದಗಳಲ್ಲೇ ಉತ್ತರ ಮುಗಿಸಿದರು. ಆಮೇಲೆ ಬಾಗಿಲಾಚೆ ನಿಂತು ಅದೇ ಪತ್ರಕರ್ತರ ಜೊತೆ ಆರಾಮಾಗಿ ಮಾತಾಡಿದರು!

ಮುಂದಿನ ತಿಂಗಳು ಮೆಕ್ಸಿಕೋದಲ್ಲಿ ಇನ್ನೊಬ್ಬ ಚಾಲಕ ಶಾರ್ಲ್ ಲೆಕ್ಲೇರ್ ಸರದಿ. ರೇಸಿನಲ್ಲಿ ಕಾರು ಜಾರಿ ಇನ್ನೇನು ಗೋಡೆಗೆ ಬಡಿಯಬೇಕಿತ್ತು, ಹೇಗೋ ಬಚಾವಾಗಿದ್ದರು. ಆಗ ನಿಮ್ಮಷ್ಟಕ್ಕೆ ಏನಂದುಕೊಂಡಿರಿ ಎಂದು ಪತ್ರಿಕಾಗೋಷ್ಠಿಯಲ್ಲಿ ಅವರನ್ನು ಕೇಳಿದರು. ಪಾಪ, ಅಂದುಕೊಂಡದ್ದನ್ನೇ ಹೇಳಿದರು. ತಕ್ಷಣ ಕ್ಷಮೆಯನ್ನೂ ಕೇಳಿದರು. ಆದರೂ 10,000 ಯೂರೋ ದಂಡ. ಅರ್ಧ ಈಗ, ಇನ್ನರ್ಧ ಮತ್ತೆ ಬಾಯಿ ಜಾರಿದರೆ.

ಅದಕ್ಕೇ ಚಾಲಕರಿಗೆ ಮಾತಾಡಲು ತರಬೇತಿ ಕೊಡುವುದು. ಗೆದ್ದರೆ "ಎಲ್ಲಾ ಟೀಮಿನ ಶ್ರಮ". ಸೋತರೆ "ಡೇಟಾ ನೋಡಬೇಕು". ತಮ್ಮದೇ ಟೀಮಿನ ಇನ್ನೊಂದು ಕಾರಿನ ಸಹಚಾಲಕ ಬಂದು ಗುದ್ದಿದರೆ "ಒಳಗೆ ಕೂತು ಮಾತಾಡ್ತೀವಿ". ಎಲ್ಲರ ಟೋಪಿಯ ಮೇಲೂ ಪ್ರಾಯೋಜಕರ ಹೆಸರು, ಎಲ್ಲರ ಬಾಯಲ್ಲೂ ಒಂದೇ ಮಂತ್ರ.

ಆದರೆ ಮನಸ್ಸು ತರಬೇತಿ ಕೇಳಬೇಕಲ್ವಾ? "ತಪ್ಪು ನಂದೇ ಇರಬಹುದು" ಎಂದು ಯೋಚಿಸುತ್ತಾ ಕೂತವನು ಮುಂದಿನ ತಿರುವಿನಲ್ಲಿ ಬೇಗ ಬ್ರೇಕ್ ಹಾಕುತ್ತಾನೆ, ಹಿಂದೆ ಬೀಳುತ್ತಾನೆ. ಹಾಗಾಗಿ ತಪ್ಪು ಟೈರಿನದ್ದು, ಗಾಳಿಯದ್ದು, ಎಂಜಿನ್ನಿನದ್ದು. 2015ರಲ್ಲಿ ಫರ್ನಾಂಡೋ ಅಲೋನ್ಸೋ ತಮ್ಮ ಹೋಂಡಾ ಎಂಜಿನ್ನನ್ನು "ಜಿಪಿ2 ಎಂಜಿನ್" ಎಂದು, ಅಂದರೆ ಕೆಳದರ್ಜೆಯ ರೇಸಿನ ಮಾಲು ಎಂದು, ಟೀಮಿನ ಜೊತೆ ಮಾತಾಡುವ ರೇಡಿಯೋದಲ್ಲಿ ಕಿರುಚಿದರು. ಕಿರುಚಿದ್ದೆಲ್ಲಿ? ಹೋಂಡಾದವರದ್ದೇ ಸುಜುಕಾ ಟ್ರ್ಯಾಕಿನಲ್ಲಿ. 2013ರಲ್ಲಿ ಸೆಬಾಸ್ಟಿಯನ್ ವೆಟೆಲ್ ಟೀಮಿನ ಆದೇಶ ಮೀರಿ, ಸಹಚಾಲಕ ಮಾರ್ಕ್ ವೆಬರ್‌ರನ್ನು ಹಿಂದಿಕ್ಕಿ ಮಲೇಷ್ಯಾದಲ್ಲಿ ಗೆದ್ದರು. ಅವತ್ತು ಕ್ಷಮೆ ಕೇಳಿದರು. ಮುಂದಿನ ರೇಸಿಗೆ ಚೀನಾಕ್ಕೆ ಬರುವಷ್ಟರಲ್ಲಿ, ಮತ್ತೆ ಹಾಗೇ ಮಾಡಿಯೇನು ಅನ್ನೋ ಧಾಟಿಗೆ ಇಳಿದಿದ್ದರು. ನನಗಂತೂ ಎರಡನೇ ಮಾತೇ ಇಷ್ಟ.

ತಮಾಷೆ ಎಂದರೆ, ಈ ರೇಡಿಯೋ ಜಗಳವನ್ನೇ ಟಿವಿಯಲ್ಲಿ 'ಬೀಪ್' ಹಾಕಿ ಜಗತ್ತಿಗೆ ಬಡಿಸುತ್ತಾರೆ. ಸಿಟ್ಟು ಇದ್ದರೆ ವ್ಯಾಪಾರ. ಅದೇ ಸಿಟ್ಟು ಮೈಕಿನ ಮುಂದೆ ಬಂದರೆ ಅಪರಾಧ.

2025ರ ಜನವರಿಯಲ್ಲಿ ಇದಕ್ಕೊಂದು ದರಪಟ್ಟಿಯೇ ಬಂತು. ಫಾರ್ಮುಲಾ ಒನ್ ಚಾಲಕರಿಗೆ ಮೊದಲ ತಪ್ಪಿಗೆ 40,000 ಯೂರೋ, ಎರಡನೆಯದಕ್ಕೆ 80,000, ಮೂರನೆಯದಕ್ಕೆ 1,20,000. ಫೆಬ್ರವರಿಯಲ್ಲಿ ರ‍್ಯಾಲಿ ಚಾಲಕ ಆಡ್ರಿಯನ್ ಫೋರ್ಮೋ ಸ್ವೀಡನ್ನಿನಲ್ಲಿ ಸಿಕ್ಕಿಬಿದ್ದರು. ಅವರು ಬೈದಿದ್ದು ಹಿಂದಿನ ದಿನದ ತಮ್ಮದೇ ಎಡವಟ್ಟಿಗೆ. ನೋಡಿ, ಶಿಕ್ಷೆ ಬಿದ್ದ ಈ ಮೂರೂ ಪ್ರಕರಣದಲ್ಲಿ ಬೈಸಿಕೊಂಡ ಇನ್ನೊಬ್ಬ ಮನುಷ್ಯನೇ ಇಲ್ಲ!

ಮಾರ್ಚ್‌ನಲ್ಲಿ, ಕೀನ್ಯಾದ ಸಫಾರಿ ರ‍್ಯಾಲಿಯಲ್ಲಿ ಚಾಲಕರು ಸೇಡು ತೀರಿಸಿಕೊಂಡರು. ಧೂಳು ಮೆತ್ತಿದ ಕಾರಿನ ಕಿಟಕಿಗೆ ಮೈಕ್ ಬಂದಾಗ ಕೆಲವರು ಬಾಯಿ ಬಿಡಲಿಲ್ಲ. ಕೆಲವರು ತಮ್ಮ ತಾಯ್ನುಡಿಯಲ್ಲಿ ಏನೋ ಹೇಳಿ ಹೊರಟರು.

ಮೇ ತಿಂಗಳಲ್ಲಿ ಎಫ್‌ಐಎ ದಂಡದ ಮೂಲ ದರವನ್ನು ಅರ್ಧಕ್ಕೆ ಇಳಿಸಿತು. ಆಷಾಢದ ಡಿಸ್ಕೌಂಟ್ ಸ್ವಲ್ಪ ಮುಂಚೆಯೇ ಬಂತು ಅನ್ನಿ. ಜೊತೆಗೆ ಹೊಸ ವಿಂಗಡಣೆ: ಪತ್ರಿಕಾಗೋಷ್ಠಿ 'ನಿಯಂತ್ರಿತ' ಜಾಗ, ಟ್ರ್ಯಾಕು 'ಅನಿಯಂತ್ರಿತ' ಜಾಗ. ಎರಡನೆಯದರಲ್ಲಿ ಬಾಯಿ ಜಾರಿದರೆ ಸ್ವಲ್ಪ ರಿಯಾಯಿತಿ ಸಿಗಬಹುದು. ಇನ್ನು ಮುಂದೆ ಚಾಲಕ ಹೆಲ್ಮೆಟ್ ತೆಗೆದು, ಬೆವರು ಒರೆಸಿಕೊಂಡು, ಹಲ್ಲು ಕಚ್ಚಿಕೊಂಡು ಮೊದಲು ಇಷ್ಟು ಕೇಳಿದರೆ ಸಾಕು: "ಸ್ವಾಮಿ, ನಾನೀಗ ನಿಂತಿರೋದು ಯಾವ ಜಾಗದಲ್ಲಿ?"