ಲೈ, ಲೇ, ಲೇಡ್ ಮತ್ತು ನನ್ನ ಜ್ವರ

ಜ್ವರ ಬಂದವನಿಗೆ ರಜೆ ಕೊಡದಿದ್ದರೂ ಸಹಿಸಿಕೊಳ್ಳಬಹುದು. ಅವನ ರಜೆ ಅರ್ಜಿಯನ್ನು ತಿದ್ದಿ ಕೊಡಬಾರದು. ಅದರಲ್ಲೂ ಸರಿ ಇದ್ದುದನ್ನು ತಪ್ಪು ಮಾಡಿ, ಕೆಂಪು ಶಾಯಿಯಲ್ಲಿ, ಕೆಳಗೆ ಎರಡೆರಡು ಗೆರೆ ಎಳೆದು!

ನಮ್ಮ ಮೇಲಧಿಕಾರಿಗಳಿಗೆ ಇಂಗ್ಲಿಷ್ ವ್ಯಾಕರಣದ ಹುಚ್ಚು. ಯಾರ ಪತ್ರ ಮೇಜಿಗೆ ಬಂದರೂ ವಿಷಯದ ಗೊಡವೆಗೆ ಹೋಗುವುದಿಲ್ಲ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸುತ್ತಾರೆ, ಕೆಂಪು ಪೆನ್ನಿನ ಮುಚ್ಚಳ ತೆಗೆದು ಹಿಂಬದಿಗೆ ‘ಟಕ್’ ಎಂದು ಸಿಕ್ಕಿಸುತ್ತಾರೆ, ಆಮೇಲೆ ಕ್ರಿಯಾಪದದ ಬೇಟೆಗೆ ಹೊರಡುತ್ತಾರೆ. ಆ ‘ಟಕ್’ ಕೇಳಿದರೆ ಸಾಕು, ವಿಭಾಗದಲ್ಲಿ ಎಲ್ಲರ ಬೆನ್ನೂ ನೆಟ್ಟಗಾಗುತ್ತದೆ.

ಹಾಸಿಗೆಯಲ್ಲಿ ಮಲಗಿದ್ದೆ ಎನ್ನುವುದಕ್ಕೆ ನಾನು ‘ಐ ಲೇ ಇನ್ ಬೆಡ್’ ಎಂದು ಬರೆದಿದ್ದೆ. ಅವರು ‘ಲೇ’ ಹೊಡೆದುಹಾಕಿ ‘ಲೇಡ್’ ಮಾಡಿದರು. ಮೇಲಧಿಕಾರಿಯನ್ನು ‘ಲೇ’ ಎನ್ನಬಾರದೆಂದು ತಿದ್ದಿದ್ದರೆ ನಾನೂ ಸುಮ್ಮನಾಗುತ್ತಿದ್ದೆ.

“ಸಾರ್, ಮಲಗುವ ‘ಲೈ’ಗೆ ಭೂತಕಾಲ ‘ಲೇ’. ‘ಲೇಡ್’ ಎಂದರೆ ಏನನ್ನೋ ಇಟ್ಟ ಹಾಗಾಗುತ್ತದೆ. ಕೋಳಿ ಮೊಟ್ಟೆ ಇಟ್ಟರೆ ‘ಲೇಡ್’.”

“ನಿನ್ನೆಯ ಸಂಗತಿ ತಾನೇ? ನಿನ್ನೆ ಎಂದ ಮೇಲೆ ಕೊನೆಗೆ ‘ಡ್’ ಬರಲೇಬೇಕು.”

“ಹಾಗಾದರೆ ನಿನ್ನೆ ಹೋದವನನ್ನು ‘ಗೋಡ್’ ಎನ್ನಬೇಕಾಗುತ್ತದೆ ಸಾರ್.”

ಅವರು ಕನ್ನಡಕದ ಮೇಲಿನಿಂದ ನನ್ನನ್ನೇ ದಿಟ್ಟಿಸಿದರು. “ಅದಿರಲಿ, ‘ಲೈ’ ಎಂದರೆ ಸುಳ್ಳು ಹೇಳುವುದಲ್ಲವೇನ್ರೀ? ಅಂದರೆ ಈ ಜ್ವರ...”

ಆ ‘ಲೈ’ ಬೇರೆ, ಅದರ ಭೂತಕಾಲ ‘ಲೈಡ್’ ಎಂದು ವಿವರಿಸುವ ತ್ರಾಣ ಜ್ವರ ಬಿಟ್ಟ ಮೈಯಲ್ಲಿ ಉಳಿದಿರಲಿಲ್ಲ. ರಜೆಯೇನೋ ಮಂಜೂರಾಯಿತು. ನಾನು ಹಾಸಿಗೆಯಲ್ಲಿ ಮೊಟ್ಟೆ ಇಟ್ಟೆನೆಂಬ ದಾಖಲೆ ಈಗ ಕಡತದಲ್ಲಿ ಭದ್ರವಾಗಿದೆ.

ಅವರೊಬ್ಬರನ್ನೇ ಬೈದು ಫಲವಿಲ್ಲ. ನಾವು ‘ಮಲಗು’ಗೆ ‘ಇಸು’ ಅಂಟಿಸಿ ‘ಮಲಗಿಸು’ ಎಂದು ಕೈತೊಳೆದುಕೊಳ್ಳುತ್ತೇವೆ. ಇಂಗ್ಲಿಷಿನಲ್ಲಿ ಮಲಗುವ ‘ಲೈ’ಗೂ ಇಡುವ ‘ಲೇ’ಗೂ ಇರುವ ನಂಟು ಅದೇ, ಆದರೆ ಒಂದರ ಭೂತಕಾಲವೂ ಇನ್ನೊಂದರ ವರ್ತಮಾನವೂ ಒಂದೇ ವೇಷದಲ್ಲಿ ಓಡಾಡುತ್ತವೆ. ‘ಫಾಲ್’ ನಿನ್ನೆ ಬಿದ್ದರೆ ‘ಫೆಲ್’. ಅದೇ ‘ಫೆಲ್’ ಎದ್ದು ನಿಂತು ಮರವನ್ನು ಕಡಿದುರುಳಿಸಿದರೆ ‘ಫೆಲ್ಡ್’. ‘ಗೋ’ವಿನ ಕಥೆ ಇನ್ನೂ ವಿಚಿತ್ರ: ‘ವೆಂಟ್’ ಅದರ ಸ್ವಂತದ್ದಲ್ಲ, ‘ವೆಂಡ್’ ಎಂಬ ಬೇರೊಂದು ಕ್ರಿಯಾಪದದಿಂದ ಕಡ ತಂದು ಹಿಂದಿರುಗಿಸದೆ ಉಳಿಸಿಕೊಂಡದ್ದು. ಪಾಪ, ‘ವೆಂಡ್’ ಈಗ ‘ವೆಂಡೆಡ್’ ಎಂದು ಹೇಗೋ ಕಾಲ ತಳ್ಳುತ್ತಿದೆ. ‘ಹೆಲ್ಪ್’ಗೂ ಹಿಂದೆ ‘ಹೋಲ್ಪ್’ ಎಂಬ ಭೂತಕಾಲವಿತ್ತು. ಅದು ಮಾತ್ರ ಕಾಲಕ್ರಮೇಣ ಮರ್ಯಾದೆಯಿಂದ ‘ಹೆಲ್ಪ್ಡ್’ ಆಯಿತು. ದಿನಬೆಳಗಾದರೆ ಬಾಯಿಗೆ ಬರುವ ಕ್ರಿಯಾಪದಗಳೇ ಹೆಚ್ಚು ಮೊಂಡು. ಹಾಗೆಂದು ನಾವೂ ಬೀಗುವಂತಿಲ್ಲ. ನಿಲ್ಲು–ನಿಂತ, ಗೆಲ್ಲು–ಗೆದ್ದ, ಕೊಲ್ಲು–ಕೊಂದ. ಎಲ್ಲರ ಮನೆಯ ದೋಸೆಯೂ ತೂತೇ.

ಶಾಲೆಯಲ್ಲಿ ಇವನ್ನೆಲ್ಲ ಮಗ್ಗಿಯ ಹಾಗೆ ಒಕ್ಕೊರಲಿನಿಂದ ಹೇಳುತ್ತಿದ್ದೆವು. ‘ಗೋ, ವೆಂಟ್, ಗಾನ್’ ಎಂದು ತೂಗಾಡುತ್ತಾ ಸಾಗುತ್ತಿದ್ದ ಸಾಲು ‘ಪುಟ್, ಪುಟ್, ಪುಟ್’ಗೆ ಬಂದಾಗ ತರಗತಿಯ ಮಾಡು ಹಾರಿಹೋಗುವಂತೆ ಕೂಗುತ್ತಿದ್ದೆವು, ನೆನಪಿಡಬೇಕಾದದ್ದು ಏನೂ ಇಲ್ಲವಲ್ಲ! ಗಂಟುಮುಖದ ಮೇಷ್ಟ್ರು ಅಲ್ಲಿ ಮಾತ್ರ ನಗುತ್ತಿದ್ದರು. ಒಬ್ಬರು ತಪ್ಪಿದರೆ ಪಕ್ಕದವರ ದನಿಯಲ್ಲಿ ಅದು ಮುಚ್ಚಿಹೋಗುತ್ತಿತ್ತು. ಆ ಪಕ್ಕದವರೆಲ್ಲ ಈಗ ಎಲ್ಲಿದ್ದಾರೋ, ಯಾರ ಮುಂದೆ ಒಬ್ಬರೇ ನಿಂತು ಅರ್ಜಿ ತಿದ್ದಿಸಿಕೊಳ್ಳುತ್ತಿದ್ದಾರೋ.

ಕ್ರಿಯಾವಿಶೇಷಣಕ್ಕೂ ನಮ್ಮ ಸಾಹೇಬರ ಬಳಿ ಒಂದು ಸೂತ್ರವಿದೆ: ಕೊನೆಗೆ ‘ಲಿ’ ಇರಬೇಕು. ‘ಫ್ರೆಂಡ್ಲಿ’ ಎಂಬುದು ‘ಲಿ’ ಹೊತ್ತುಕೊಂಡೂ ಗುಣವಾಚಕ, ‘ಫಾಸ್ಟ್’ ಎಂಬುದು ‘ಲಿ’ ಇಲ್ಲದೆಯೂ ಕ್ರಿಯಾವಿಶೇಷಣ ಎಂದರೆ ಕೇಳುವುದಿಲ್ಲ. ತರಬೇತಿಗೆ ಬಂದಿದ್ದ ಹುಡುಗನೊಬ್ಬ ಹಗಲು ರಾತ್ರಿ ದುಡಿದ. ಅವನು ಹೊರಡುವಾಗ ಸಾಹೇಬರು ಮನಸಾರೆ ಹೊಗಳಿ, ಸ್ವಹಸ್ತದಿಂದ ಪ್ರಶಂಸಾ ಪತ್ರ ಬರೆದುಕೊಟ್ಟರು: ‘ಹೀ ವರ್ಕ್ಸ್ ಹಾರ್ಡ್‌ಲಿ.’ ಕಷ್ಟಪಟ್ಟು ದುಡಿಯುತ್ತಾನೆ ಎಂಬುದು ಅವರ ಇಂಗಿತ. ದುಡಿಯುವುದೇ ಅಪರೂಪ ಎಂಬುದು ಪತ್ರದ ಅರ್ಥ. ಹುಡುಗ ಅದನ್ನು ಲ್ಯಾಮಿನೇಟ್ ಮಾಡಿಸಿಕೊಂಡಿದ್ದಾನೆ.