ಕಾದು ಕೂತರೆ ಮಸ್ಕಿ ಬರೋದಿಲ್ಲ

"ಭಾವ, ಬೆಳಗ್ಗಿಂದ ಎಸೀತಾನೇ ಇದೀರ, ಎಳೀತಾನೇ ಇದೀರ. ಒಂದ್ಕಡೆ ಹಾಕ್ಬಿಟ್ಟು ಸುಮ್ನೆ ಕೂತ್ಕೋಬಾರ್ದಾ?"

ಮಂಡ್ಯ ಕಡೆಯಿಂದ ಅಮೆರಿಕದ ಮಿನೆಸೋಟಾಕ್ಕೆ ಬಂದು, ಮಸ್ಕಿ ಅನ್ನೋ ಮೀನು ಹಿಡಿಯೋಕೆ ನನ್ನ ಜೊತೆ ದೋಣಿ ಹತ್ತಿದ ನೆಂಟರ ಈ ಮಾತು ಸ್ವಲ್ಪ ಚುಚ್ಚಿತು. ಅವರ ತಪ್ಪೇನಿಲ್ಲ ಬಿಡಿ. ನಮ್ಮ ಕಡೆ ಗಾಳ ಹಾಕೋದು ಅಂದರೆ ಎರೆಹುಳು ಸಿಕ್ಕಿಸಿ, ಬೆಂಡು ನೋಡುತ್ತಾ, ಕೆರೆ ಏರಿ ಮೇಲೆ ಕೂರೋದು. ಮೀನು ಬಂದರೆ ಪುಣ್ಯ, ಬರದಿದ್ದರೆ ಕೆರೆ ಸರಿಯಿಲ್ಲ. ಕಾವೇರಿಯ ಬಿಳಿಮೀನಿಗೂ ಇದೇ ಕ್ರಮ: ಗಟ್ಟಿಯಾಗಿ ಬೇಯಿಸಿದ ರಾಗಿ ಉಂಡೆ, ದೊಡ್ಡದೊಂದು ಕೊಕ್ಕೆ, ಸೀಸದ ಭಾರ, ಬಂಡೆ ಪಕ್ಕದ ಮಡು, ಆಮೇಲೆ ತಾಳ್ಮೆ. ಶೃಂಗೇರಿಯ ಮೆಟ್ಟಿಲ ಮೇಲೆ ಮಂಡಕ್ಕಿ ಚೆಲ್ಲಿದವರಿಗೆಲ್ಲ ಆ ಜಾತಿಯ ಮೀನಿನ ಸ್ವಭಾವ ಗೊತ್ತು. ತಿನ್ನೋಕೆ ಕೊಟ್ಟರೆ ಬರುತ್ತೆ.

ಮಸ್ಕಿ ಹಾಗೆ ಬರೋದಿಲ್ಲ. ಪೂರ್ತಿ ಹೆಸರು ಮಸ್ಕೆಲಂಜ್. 1955ರಿಂದ ವಿಸ್ಕಾನ್ಸಿನ್‌ನ ರಾಜ್ಯ ಮೀನು, ನಾಲ್ಕು ಅಡಿ ದಾಟಿ ಬೆಳೆಯುವ, ಬಾಯಿ ತುಂಬ ಹಲ್ಲಿರುವ ಬೇಟೆಗಾರ. ದೊಡ್ಡದೊಂದು ಮೀನನ್ನು ನುಂಗಿ ಜೊಂಡಿನ ಮರೆಯಲ್ಲಿ ಅಲ್ಲಾಡದೆ ನಿಂತಿರುತ್ತೆ, ದಿನದ ಬಹುಪಾಲು ಅದಕ್ಕೆ ಹಸಿವೇ ಇರೋದಿಲ್ಲ. ಹಸಿವಿಲ್ಲದ ಮೀನಿಗೆ ಊಟ ತೋರಿಸಿ ಏನು ಪ್ರಯೋಜನ? ಅದನ್ನು ಕೆಣಕಬೇಕು. ಅದರ ಜಾಗಕ್ಕೆ ಏನೋ ನುಗ್ಗಿತು, ಈಗ ತಪ್ಪಿಸಿಕೊಂಡು ಓಡ್ತಾ ಇದೆ ಅನ್ನಿಸಬೇಕು. ಇಲ್ಲಿಯವರು ಮಸ್ಕಿಯನ್ನು ಹತ್ತು ಸಾವಿರ ಎಸೆತದ ಮೀನು ಅನ್ನೋದು ಹೆಮ್ಮೆಗಿಂತ ಹೆಚ್ಚಾಗಿ ತೋಳುನೋವಿನಿಂದ ಬಂದ ಮಾತು.

ಲ್ಯೂರ್, ಅಂದರೆ ಮೀನನ್ನು ಕೆಣಕುವ ಕೃತಕ ಆಮಿಷ, ಆರಿಸುವಾಗ ನಮ್ಮವರು ಮೊದಲು ಕೇಳೋದು ಬಣ್ಣ. ಬಣ್ಣ ಕೊನೆಯದು. ಮಸ್ಕಿ ಕಣ್ಣಿನ ಜೊತೆಗೆ ಮೈಯುದ್ದಕ್ಕೂ ಇರುವ ಪಾರ್ಶ್ವರೇಖೆಯಿಂದಲೂ ಬೇಟೆಯಾಡುತ್ತೆ, ನೀರಿನ ಕಂಪನವನ್ನು ಅದರಿಂದಲೇ ಹಿಡಿಯುತ್ತೆ. ಹಾಗಾಗಿ ಮೊದಲು ನೋಡಬೇಕಾದ್ದು ಆಳ, ಆಮೇಲೆ ವೇಗ, ಆಮೇಲೆ ಎಷ್ಟು ಸದ್ದು ಮಾಡುತ್ತೆ ಅನ್ನೋದು. ಒಂದೇ ಒಂದು ಲ್ಯೂರ್ ಕೊಳ್ಳುವಷ್ಟು ದುಡ್ಡಿದ್ದರೆ ಬಕ್‌ಟೇಲ್ ಕೊಳ್ಳಿ: ತಂತಿಯ ಮೇಲೆ ತಿರುಗುವ ಲೋಹದ ಬಿಲ್ಲೆ, ಹಿಂದೆ ಕೂದಲು ಅಥವಾ ಮಿರುಗುವ ಎಳೆಗಳು. 8ನೇ ನಂಬರಿನ ಬಿಲ್ಲೆ ಇಡೀ ದಿನ ಎಳೆಯಬಹುದು. ಇನ್ನೂ ದೊಡ್ಡ, 10ನೇ ನಂಬರಿನ ಎರಡು ದುಂಡನೆಯ ಕೊಲರಾಡೋ ಬಿಲ್ಲೆಗಳಿರುವುದು ನೀರನ್ನು ಧಡಧಡ ಅಂತ ಬಡಿಯುತ್ತೆ, ದೊಡ್ಡ ಮೀನನ್ನು ಎಬ್ಬಿಸುತ್ತೆ, ಆದರೆ ಅದಕ್ಕೆ ನಿಧಾನ ಗೇರಿನ ರೀಲ್ ಬೇಕು. ವೇಗದ ರೀಲ್ ಹಾಕಿ ಎಳೆದರೆ ಮಧ್ಯಾಹ್ನದೊಳಗೆ ಮಣಿಕಟ್ಟು ಬಿದ್ದುಹೋಗುತ್ತೆ. ಜೊಂಡಿನ ತುದಿ ನೀರಿನ ಮೇಲ್ಮೈಯಿಂದ ಎರಡು ಮೂರು ಅಡಿ ಕೆಳಗಿದ್ದರೆ ಬಕ್‌ಟೇಲ್ ಅದರ ನೆತ್ತಿಯನ್ನು ಸವರಿಕೊಂಡು ಬರಬೇಕು. ರಾಡ್ ತುದಿ ಎತ್ತಿದರೆ ಮೇಲೆ ಬರುತ್ತೆ, ಇಳಿಸಿದರೆ ಕೆಳಗೆ ಹೋಗುತ್ತೆ.

ಜಗ್ಗಿ ಜಗ್ಗಿ ಎಳೆಯುವ ಜರ್ಕ್‌ಬೇಟ್‌ಗಳು ಬೇರೆ ಲೆಕ್ಕ. ಸೂಯಿಕ್‌ನಂಥ ಮರದ ತುಂಡನ್ನು ಎಳೆದಾಗ ಮುಳುಗುತ್ತೆ, ಬಿಟ್ಟಾಗ ತೇಲಿ ಬರುತ್ತೆ. ಹಿಂಬದಿಯ ಲೋಹದ ರೆಕ್ಕೆಯನ್ನು ಸ್ವಲ್ಪ ಕೆಳಕ್ಕೆ ಬಗ್ಗಿಸಿದರೆ ಇನ್ನೂ ಆಳಕ್ಕೆ ಹೋಗುತ್ತೆ. ಮೀನು ಹೊಡೆಯೋದು ಬಹುಮಟ್ಟಿಗೆ ಆ ಬಿಟ್ಟ ಕ್ಷಣದಲ್ಲಿ. ಆಗ ದಾರ ಪೂರ್ತಿ ಸಡಿಲವಾಗಿದ್ದರೆ ಮೀನು ಕಚ್ಚಿದ್ದೂ ಉಗುಳಿದ್ದೂ ಗೊತ್ತಾಗೋದಿಲ್ಲ. ಗ್ಲೈಡ್‌ಬೇಟ್‌ಗೆ ತದ್ವಿರುದ್ಧ: ಸಣ್ಣದಾಗಿ ತಟ್ಟಿ, ಕೂಡಲೇ ದಾರ ಸಡಿಲ ಬಿಟ್ಟರೆ ಮಾತ್ರ ಎಡಕ್ಕೊಮ್ಮೆ ಬಲಕ್ಕೊಮ್ಮೆ ಜಾರುತ್ತೆ. ಬುಲ್ ಡಾಗ್‌ನಂಥ ರಬ್ಬರ್ ಮೀನು ಆಳಕ್ಕೆ, ತಣ್ಣೀರಿಗೆ. ನೀರಿನ ಮೇಲ್ಮೈಯಲ್ಲೇ ಓಡುವ ಟಾಪ್‌ವಾಟರ್ ಲ್ಯೂರ್ ಸಂಜೆಗೆ, ಸಣ್ಣ ಅಲೆಯಿರುವ ನೀರಿಗೆ. ಅದರಲ್ಲಿ ಎಲ್ಲರೂ ಮಾಡುವ ಎಡವಟ್ಟು ಒಂದೇ. ನೀರು ಚಿಮ್ಮಿದ್ದು ಕಂಡ ತಕ್ಷಣ ರಾಡ್ ಜಗ್ಗಿಬಿಡ್ತಾರೆ, ಲ್ಯೂರ್ ಮೀನಿನ ಬಾಯಿಂದಾಚೆ ಹಾರಿ ನಮ್ಮ ಕಡೆಗೇ ಬರುತ್ತೆ. ಭಾರ ಕೈಗೆ ತಗುಲುವ ತನಕ ಎಳೆಯುತ್ತಲೇ ಇರಬೇಕು, ಆಮೇಲೆ ಜಗ್ಗಬೇಕು.

ಇನ್ನು ಬಣ್ಣ. ಉತ್ತರದ ಹಲವು ಕೆರೆಗಳ ನೀರು ಡಿಕಾಕ್ಷನ್ ಬಣ್ಣದ್ದು. ಅಲ್ಲಿ ಕಪ್ಪು, ಕಿತ್ತಳೆ, ತಾಮ್ರದ ಹೊಳಪು. ತಿಳಿನೀರು, ಬಿಸಿಲು ಅಂದರೆ ಬೆಳ್ಳಿ, ಬಿಳಿ. ರಾತ್ರಿ ಕಪ್ಪೇ ಸರಿ, ಯಾಕಂದರೆ ಕೆಳಗಿನಿಂದ ನೋಡುವ ಮೀನಿಗೆ ಆಕಾಶದ ಎದುರು ಕಪ್ಪು ಆಕಾರ ಚೆನ್ನಾಗಿ ಕಾಣುತ್ತೆ. ಬಣ್ಣದ ಬಗ್ಗೆ ಇಷ್ಟು ಸಾಕು.

ಸಲಕರಣೆಯಲ್ಲಿ ಜಿಪುಣತನ ಮಾಡಬಾರದ ಜಾಗ ಲೀಡರ್, ಅಂದರೆ ದಾರಕ್ಕೂ ಲ್ಯೂರಿಗೂ ನಡುವೆ ಕಟ್ಟುವ ಗಟ್ಟಿ ತುಂಡು. ಎಂಟೂವರೆಯಿಂದ ಒಂಬತ್ತು ಅಡಿಯ ಬಿರುಸಾದ ರಾಡ್, 80ರಿಂದ 100 ಪೌಂಡ್ ಭಾರ ತಾಳುವ ಹೆಣೆದ ದಾರ, ಇವೆಲ್ಲ ಇದ್ದೂ ತುದಿಯಲ್ಲಿ ಲೀಡರ್ ಇಲ್ಲದಿದ್ದರೆ ಹಲ್ಲು ತಾಗಿದೊಡನೆ ದಾರ ಕತ್ತರಿಸಿಹೋಗುತ್ತೆ, ಮೀನು ಬಾಯಲ್ಲಿ ಕೊಕ್ಕೆ ಹೊತ್ತು ತಿರುಗುತ್ತೆ. ಬಕ್‌ಟೇಲ್‌ಗೆ 130 ಪೌಂಡಿನ ಫ್ಲೂರೋಕಾರ್ಬನ್ ಅನ್ನೋ ಪಾರದರ್ಶಕ ಎಳೆ, ಜರ್ಕ್‌ಬೇಟ್‌ಗೆ ಗಟ್ಟಿ ತಂತಿ. ಪ್ರತಿ ಮೀನಿನ ನಂತರ ಬೆರಳಲ್ಲಿ ಸವರಿ ನೋಡಿ, ಗೀರು ಬಿದ್ದಿದ್ದರೆ ಬದಲಿಸಿ. ಕೊಕ್ಕೆಗೆ ಅರ ಹಾಕಿ ಚೂಪು ಮಾಡೋದೂ ಮರೆಯಬಾರದು, ಮಸ್ಕಿಯ ಬಾಯೊಳಗೆ ಮೂಳೆಯೇ ಹೆಚ್ಚು.

ಈಗ ನೆಂಟರಿಗೆ ಹುಚ್ಚಾಟವಾಗಿ ಕಂಡ ವಿಷಯಕ್ಕೆ ಬರೋಣ. ಲ್ಯೂರ್ ದೋಣಿಯ ಹತ್ತಿರ ಬಂದಾಗ ನಮ್ಮವರು ಎಸೆತ ಮುಗಿಯಿತು ಅಂತ ಎತ್ತಿಬಿಡ್ತಾರೆ. ಮಸ್ಕಿಯ ಮಟ್ಟಿಗೆ ಆಟ ಶುರುವಾಗೋದೇ ಅಲ್ಲಿ. ಈ ಮೀನು ಲ್ಯೂರ್ ಹಿಂದೆಯೇ ದೂರದಿಂದ ಬಂದು ದೋಣಿಯ ಪಕ್ಕ ನಿಂತು ನೋಡುತ್ತೆ. ಅದಕ್ಕಾಗಿ ಪ್ರತಿ ಎಸೆತದ ಕೊನೆಗೂ ನೀರಿನಲ್ಲಿ ಇಂಗ್ಲಿಷಿನ 8ರ ಆಕಾರ ಬರೆಯಬೇಕು. ಲ್ಯೂರ್ ಹತ್ತು ಅಡಿ ದೂರದಲ್ಲಿದ್ದಾಗಲೇ ರಾಡ್ ತುದಿಯನ್ನು ನೀರಿಗಿಳಿಸಿ. ತುದಿಗೂ ಲೀಡರಿಗೂ ನಡುವೆ ಒಂದು ಒಂದೂವರೆ ಅಡಿ ದಾರ ಇರಲಿ. ಲೀಡರ್ ತುದಿಗೆ ಸಿಕ್ಕಿಕೊಂಡಿದ್ದರೆ ಮೀನು ಹೊಡೆದಾಗ ರಾಡ್ ಮುರಿಯೋದುಂಟು. ನಿಲ್ಲಿಸದೆ, ಸ್ವಲ್ಪ ವೇಗ ಹೆಚ್ಚಿಸಿ ಮೊದಲ ತಿರುವು ತಿರುಗಿಸಿ. ತಿರುವು ಅಗಲವಾಗಿರಬೇಕು, ಇದು ಬಹಳ ಮುಖ್ಯ. ನಾಲ್ಕು ಅಡಿ ಉದ್ದದ ಮೀನು ಬಕೆಟ್ಟಿನಷ್ಟು ಜಾಗದಲ್ಲಿ ಮೈ ತಿರುಗಿಸೋಕೆ ಆಗೋದಿಲ್ಲ, ಎರಡು ಸಲ ತಪ್ಪಿತೋ ಆಸಕ್ತಿ ಕಳೆದುಕೊಂಡು ಮುಳುಗಿಬಿಡುತ್ತೆ. ದೋಣಿಯ ಕಡೆಯ ತಿರುವಿನಲ್ಲಿ ಲ್ಯೂರ್ ಆಳಕ್ಕೆ, ಹೊರಗಿನ ತಿರುವಿನಲ್ಲಿ ಸ್ವಲ್ಪ ಮೇಲಕ್ಕೆ. ಬಹಳಷ್ಟು ಮೀನು ಹೊಡೆಯೋದು ಈ ಹೊರ ತಿರುವಿನಲ್ಲೇ.

ಮೀನು ಕಂಡ ಕೂಡಲೇ ಕೈ ತಾನಾಗಿ ನಿಲ್ಲುತ್ತೆ. ಅದೇ ಕೆಡುಕು. ಓಡುತ್ತಿದ್ದ ಬೇಟೆ ತನ್ನನ್ನು ಕಂಡು ನಿಂತುಕೊಂಡರೆ ಯಾವ ಮೀನೂ ನಂಬೋದಿಲ್ಲ. ಹೊಡೆದಾಗ ರಾಡನ್ನು ಆಕಾಶಕ್ಕೆ ಎತ್ತದೆ, ಮೀನು ಹೋಗುವ ದಿಕ್ಕಿಗೆ ಎದುರಾಗಿ ಪಕ್ಕಕ್ಕೆ ಎಳೆಯಿರಿ, ಹೆಬ್ಬೆರಳು ರೀಲಿನ ಮೇಲಿರಲಿ. ಅಷ್ಟು ಗಿಡ್ಡ ದಾರದಲ್ಲಿ ಅದು ನುಗ್ಗಿದಾಗ ಬಿಟ್ಟುಕೊಡದಿದ್ದರೆ ಏನಾದರೊಂದು ಕಿತ್ತುಬರುತ್ತೆ. ಕಪ್ಪು ನೀರಿನಲ್ಲಿ, ರಾತ್ರಿಯಲ್ಲಿ ಹಿಂದೆ ಮೀನಿದೆಯೋ ಇಲ್ಲವೋ ಕಾಣೋದಿಲ್ಲ, ಅದಕ್ಕೇ ಪ್ರತಿ ಎಸೆತಕ್ಕೂ ಅನ್ನೋದು.

ಹಿಂಬಾಲಿಸಿ ಬಂದು ಕಚ್ಚದ ಮೀನೂ ವ್ಯರ್ಥವಲ್ಲ. ಅದರ ಮನೆ ಗೊತ್ತಾಯಿತು. ಜಾಗ ಗುರುತು ಹಾಕಿಕೊಂಡು ಒಂದೆರಡು ಗಂಟೆ ಬಿಟ್ಟು, ಗಾಳಿ ತಿರುಗಿದಾಗ, ಮೋಡ ಕವಿದಾಗ, ಸೂರ್ಯ ಮುಳುಗುವಾಗ ಬೇರೆ ಲ್ಯೂರ್ ಹಿಡಿದು ಮತ್ತೆ ಹೋಗಬೇಕು. ಚಂದ್ರ ಹುಟ್ಟುವ ಮುಳುಗುವ ಹೊತ್ತನ್ನು ಇಲ್ಲಿನ ಮಸ್ಕಿಗಾರರು ನಮ್ಮಜ್ಜಿ ಪಂಚಾಂಗ ನೋಡುತ್ತಿದ್ದಷ್ಟೇ ಶ್ರದ್ಧೆಯಿಂದ ನೋಡ್ತಾರೆ. ಜಾಗ ಹುಡುಕೋಕೆ ಗಾಳಿಯನ್ನು ನಂಬಿ: ಗಾಳಿ ಬಡಿಯುವ ಮೂಲೆ, ಎಂಟರಿಂದ ಹದಿನೈದು ಅಡಿ ಆಳದ ಜೊಂಡಿನ ಅಂಚು, ಆ ಅಂಚು ಒಳಕ್ಕೆ ತಿರುಗುವ ಕಡೆ. ಮಿನೆಸೋಟಾದ ವರ್ಮಿಲಿಯನ್, ಮಿಲ್ ಲ್ಯಾಕ್ಸ್ ಕೆರೆಗಳಲ್ಲಿ ನೀರೊಳಗಿನ ಬಂಡೆದಿಬ್ಬಗಳನ್ನೂ ಬಿಡಬಾರದು.

ನಮ್ಮ ಕಡೆ ಇದಕ್ಕೆ ಹತ್ತಿರದ್ದು ಅಂದರೆ ಜೊಂಡಿನಲ್ಲಿ ಅಡಗುವ ಕೊರವ ಮೀನು. ಅದೂ ಬೇಟೆಗಾರನೇ, ಅದಕ್ಕೂ ಕೆಣಕೋದು ಒಗ್ಗುತ್ತೆ. ಆದರೆ ಕೆರೆ ಟೆಂಡರ್ ಹಿಡಿದವನ ಬಲೆ ಬೀಳುವ ಮುಂಚೆ ಸಿಕ್ಕಿದ್ದು ಸಿಗಲಿ ಅನ್ನುವ ಆತುರದಲ್ಲಿ ಯಾರು ಯಾವ ಮೀನಿನ ಮನೆ ಗುರುತಿಟ್ಟುಕೊಳ್ತಾರೆ? ಮಿನೆಸೋಟಾದ ಬಹುತೇಕ ಕೆರೆಗಳಲ್ಲಿ 54 ಇಂಚಿಗಿಂತ ಚಿಕ್ಕ ಮಸ್ಕಿಯನ್ನು ಇಟ್ಟುಕೊಳ್ಳುವಂತಿಲ್ಲ. ವಿಸ್ಕಾನ್ಸಿನ್‌ನಲ್ಲಿ ಸಾಮಾನ್ಯವಾಗಿ 40 ಇಂಚು. ಅಳತೆ ಮೀರಿದ್ದನ್ನೂ ಜನ ಬಿಡ್ತಾರೆ, ಯಾಕಂದರೆ 50 ಇಂಚಿನ ಹೆಣ್ಣುಮೀನಿಗೆ ಹದಿನೈದು ವರ್ಷದ ಆಸುಪಾಸು ವಯಸ್ಸಾಗಿರುತ್ತೆ. ನಮ್ಮ ಕೆರೆ ಏರಿಯ ಮೇಲೆ ಅಳತೆಪಟ್ಟಿ ಹಿಡಿದವರನ್ನು ಯಾರಾದರೂ ನೋಡಿದ್ದರೆ ಹೇಳಿ.

ಬಿಡೋದೂ ಒಂದು ಕೆಲಸ. ರಬ್ಬರ್ ಲೇಪಿಸಿದ ದೊಡ್ಡ ಬಲೆ, ಉದ್ದ ಮೂತಿಯ ಇಕ್ಕಳ, ಕೊಕ್ಕೆಯನ್ನೇ ತುಂಡರಿಸುವ ಕಟರ್ ಇಲ್ಲದೆ ದೋಣಿ ಹತ್ತಬಾರದು. ಮೀನು ಬಲೆಯೊಳಗೆ, ನೀರಿನಲ್ಲೇ ಇರಲಿ. ಆಳಕ್ಕೆ ಹೊಕ್ಕ ಕೊಕ್ಕೆಯನ್ನು ತಿರುಚಿ ಎಳೆಯೋದಕ್ಕಿಂತ ಕತ್ತರಿಸೋದು ಮೇಲು. ಫೋಟೊ ಬೇಕಿದ್ದರೆ ಕ್ಯಾಮೆರಾ ಮೊದಲು ಸಿದ್ಧವಾಗಲಿ, ಆಮೇಲೆ ಮೀನನ್ನು ಅಡ್ಡಡ್ಡ, ಹೊಟ್ಟೆಗೆ ಕೈಕೊಟ್ಟು ಎತ್ತಿ, ಕೆಲವೇ ಸೆಕೆಂಡುಗಳಲ್ಲಿ ಮತ್ತೆ ನೀರಿಗೆ. ನೀರಿನ ಬಿಸಿ 80 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 27 ಸೆಲ್ಸಿಯಸ್ ಮುಟ್ಟಿದರೆ ಮಸ್ಕಿಯ ತಂಟೆಗೇ ಹೋಗಬಾರದು. ಈಜಿಕೊಂಡು ಹೋದಂತೆ ಕಂಡರೂ ಆಮೇಲೆ ಸಾಯೋದುಂಟು.

ಇಷ್ಟೆಲ್ಲ ಹೇಳಿದ ಮೇಲೆ ಒಪ್ಪಿಕೊಳ್ಳಲೇಬೇಕಾದ ಒಂದೆರಡು ಮಾತಿವೆ. ಹಿಡಿದು ಬಿಡುವ ಪದ್ಧತಿಗೆ ಅಮೆರಿಕದ ಕಡೆ ನೋಡಬೇಕಿರಲಿಲ್ಲ. ಕಾವೇರಿ ದಡದ ಭೀಮೇಶ್ವರಿ, ದೊಡ್ಡಮಾಕಳಿ, ಗಾಲಿಬೋರೆಗಳಲ್ಲಿ ಬಿಳಿಮೀನನ್ನು ತೂಗಿ, ಬರೆದಿಟ್ಟು, ನದಿಗೇ ಬಿಡುತ್ತಿದ್ದರು. ದಿಬ್ಬಬೆನ್ನಿನ ಬಿಳಿಮೀನು ಕುಸಿಯುತ್ತಿದೆ, ಹೊರಗಿನಿಂದ ತಂದುಬಿಟ್ಟ ನೀಲಿ ರೆಕ್ಕೆಯ ಜಾತಿ ಅದರ ಜಾಗ ಹಿಡಿಯುತ್ತಿದೆ ಅಂತ ವಿಜ್ಞಾನಿಗಳಿಗೆ ತೋರಿಸಿಕೊಟ್ಟದ್ದು ಆ ಲೆಕ್ಕವೇ. 2018ರಲ್ಲಿ ಆ ದಿಬ್ಬಬೆನ್ನಿನ ಮೀನನ್ನು ಟಾರ್ ರೆಮಾದೇವಿ ಅನ್ನೋ ಜಾತಿ ಅಂತ ಗುರುತಿಸಿ, ಅಳಿವಿನ ಅಂಚಿನ ಪಟ್ಟಿಗೆ ಸೇರಿಸಿದರು. ಮಿನೆಸೋಟಾದವರೂ ಇಂಥದೇ ತಪ್ಪು ಮಾಡಿದ್ದಾರೆ. ಶೂಪ್ಯಾಕ್ ಕೆರೆಯ, ಹೆಚ್ಚು ಬೆಳೆಯದ ಮಸ್ಕಿ ತಳಿಯನ್ನು ವರ್ಷಗಟ್ಟಲೆ ಕಂಡಕಂಡ ಕೆರೆಗೆ ಬಿಟ್ಟು, 1980ರ ದಶಕದಲ್ಲಿ ಎಚ್ಚೆತ್ತು ಲೀಚ್ ಲೇಕ್ ತಳಿಗೆ ಬದಲಾಯಿಸಿಕೊಂಡರು. ಒಂಟಿ ಕೊಕ್ಕೆಯ ರಾಗಿ ಉಂಡೆಗೆ ಹೋಲಿಸಿದರೆ, ಮೂರುಮುಳ್ಳಿನ ಎರಡು ಮೂರು ಕೊಕ್ಕೆ ನೇತಾಡುವ ಇಲ್ಲಿನ ಲ್ಯೂರ್ ಮೀನಿನ ಮುಖಕ್ಕೆ ಹೆಚ್ಚು ಗಾಯ ಮಾಡುತ್ತೆ ಅನ್ನೋದೂ ನಿಜ. ಕೊಕ್ಕೆಯ ಮೊನೆಯ ಪಕ್ಕದ ಹಿಮ್ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿಕೊಂಡರೆ ಅಷ್ಟರಮಟ್ಟಿಗೆ ಕಡಿಮೆಯಾಗುತ್ತೆ.

ಇನ್ನೊಂದು ಮಾತನ್ನು ಹೇಳದೆ ಮುಗಿಸೋಣ ಅಂದುಕೊಂಡಿದ್ದೆ. ಅಕ್ಟೋಬರ್ ಕಳೆದು ನೀರು 50 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ತಣ್ಣಗಾದಾಗ ಮಸ್ಕಿ ಓಡುವುದನ್ನು ಅಟ್ಟಿಕೊಂಡು ಹೋಗೋದು ಕಡಿಮೆ. ಆಗ ಇಲ್ಲಿನ ಘಟಾನುಘಟಿಗಳೂ ಒಂದಡಿಗಿಂತ ಉದ್ದದ ಜೀವಂತ ಸಕ್ಕರ್ ಮೀನನ್ನು ದೋಣಿಯ ಪಕ್ಕ ಇಳಿಬಿಟ್ಟು, ಕೈ ಜೇಬಿಗೆ ಹಾಕಿಕೊಂಡು ಕಾಯ್ತಾರೆ. ವಿಸ್ಕಾನ್ಸಿನ್‌ನಲ್ಲಿ ಒಬ್ಬರಿಗೆ ಮೂರು ಗಾಳದವರೆಗೆ ಅನುಮತಿ ಇರೋದರಿಂದ ಒಂದನ್ನು ಎಸೆಯುತ್ತಾ ಇನ್ನೊಂದನ್ನು ಕಾಯಲು ಬಿಡುವವರೂ ಇದ್ದಾರೆ. ಹಿಂದೆಲ್ಲ ಒಂಟಿ ಕೊಕ್ಕೆ ಹಾಕಿ, ಮಸ್ಕಿ ಪೂರ್ತಿ ನುಂಗುವ ತನಕ ಬಿಟ್ಟುಕೊಂಡಿರುತ್ತಿದ್ದರು. ಕೊಕ್ಕೆ ಹೊಟ್ಟೆಗಿಳಿದ ಮೀನು ಬಿಟ್ಟಮೇಲೆ ಉಳಿಯೋದು ಕಷ್ಟ. ಈಗ ಸಕ್ಕರ್‌ನ ಪಕ್ಕೆಗೆ ಎರಡು ಸಣ್ಣ ಮೂರುಮುಳ್ಳಿನ ಕೊಕ್ಕೆ ತಗುಲಿಸ್ತಾರೆ, ಒಂದು ಬೆನ್ನಿನ ರೆಕ್ಕೆಯ ಬಳಿ, ಇನ್ನೊಂದು ಕಿವಿರಿನ ಹಿಂದೆ. ಮಸ್ಕಿ ಸಕ್ಕರ್ ಕಚ್ಚಿ ಸರಿಯತೊಡಗಿದ ಕೂಡಲೇ ದೋಣಿಯನ್ನು ಅದರ ನೇರಕ್ಕೆ ತಂದು, ಸಡಿಲವಾದ ದಾರ ಸುತ್ತಿಕೊಂಡು, ಅದರ ಮೂತಿ ಯಾವ ಕಡೆಗಿದೆಯೋ ಅದಕ್ಕೆ ಎದುರು ದಿಕ್ಕಿಗೆ ಒಂದೇ ಸಲ ಜೋರಾಗಿ ಎಳೆಯಬೇಕು.